ಎರಿ ನೆಲದ ಮನೆಗೆ ಬೇರೆ ಲೆಕ್ಕ ಬೇಕು

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಬಡವರು ಮನೆ ಕಟ್ಟಿಕೊಳ್ಳಲು ಸರ್ಕಾರ ಕೊಡುವ ಸಹಾಯಧನ ಒಂದೇ ಮೊತ್ತದ್ದು. ನೆಲ ಮಾತ್ರ ಮೂರೂ ಕಡೆ ಬೇರೆ ಬೇರೆ. ಗಜೇಂದ್ರಗಡದಲ್ಲಿ ಗುಡ್ಡದ ಬುಡಕ್ಕೆ ಗುದ್ದಲಿ ಹಾಕಿದರೆ ಮೊಣಕಾಲುದ್ದದಲ್ಲೇ ಗರಸು ಸಿಗುತ್ತದೆ, ಕೆಲವು ಕಡೆ ಬಂಡೆಯೇ ಎದುರಾಗುತ್ತದೆ. ನರಗುಂದದ ಎರಿಯಲ್ಲಿ ಆಳು ಮುಳುಗುವಷ್ಟು ತೋಡಿದರೂ ಕರಿಮಣ್ಣು ಮುಗಿಯದ ಜಾಗಗಳಿವೆ. ರೋಣದಲ್ಲಿ ಒಂದು ಮಗ್ಗುಲಿಗೆ ಎರಿ, ಇನ್ನೊಂದು ಮಗ್ಗುಲಿಗೆ ಮಸಾರಿ, ಅಂದರೆ ಕೆಂಪು ನೆಲ. ಎರಿಯಲ್ಲಿ ಮನೆ ನಿಲ್ಲಿಸಲು ತಗಲುವ ಹೆಚ್ಚಿನ ಖರ್ಚನ್ನು ಇವತ್ತಿನವರೆಗೂ ಕಟ್ಟುವವರೇ ಸಾಲ ಮಾಡಿ ಹೊರುತ್ತಿದ್ದಾರೆ. ವಸತಿ ಯೋಜನೆಗಳಲ್ಲಿ ಎರಿ ನೆಲಕ್ಕೆ ಬೇರೆ ದರ, ಬೇರೆ ಕಂತು ಇರಬೇಕು ಎಂಬುದು ನನ್ನ ಬೇಡಿಕೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ತವರು ನರಗುಂದ ತಾಲ್ಲೂಕಿನ ಮಲಪ್ರಭೆ ದಂಡೆಯ ಒಂದು ಊರು, ಗಂಡನ ಮನೆ ಗಜೇಂದ್ರಗಡ, ನೌಕರಿ ರೋಣದಲ್ಲಿ. ಹಿಂದಿನ ಕೆಲವು ವರ್ಷಗಳಲ್ಲಿ ಮೂರೂ ಕಡೆ ನಮ್ಮ ಮಂದಿ ಮನೆ ಕಟ್ಟಲು ಕೈ ಹಾಕಿದರು. ತಮ್ಮ ನೆರೆಯಲ್ಲಿ ಬಿದ್ದ ಮನೆಯನ್ನು ಮತ್ತೆ ಎಬ್ಬಿಸಿದ. ಭಾವನವರು ಗಜೇಂದ್ರಗಡದ ಹಳೆ ಮನೆ ಕೆಡವಿ ಹೊಸದು ಕಟ್ಟಿಸಿದರು. ರೋಣದಲ್ಲಿ ನಮ್ಮದು ಇನ್ನೂ ನಡೆದಿದೆ: ಸ್ಲ್ಯಾಬ್ ಬಿದ್ದಿದೆ, ಒಳಗಿನ ಗಿಲಾವ್ ಮುಗಿದಿದೆ, ಫರ್ಸಿ ಹಾಸುವುದು, ಬಾಗಿಲು ಕೂಡಿಸುವುದು ಬಾಕಿ. ಒಂದೇ ಮನೆತನದ ಮೂರು ಮನೆಗಳು ಮೂರು ಬಗೆಯ ನೆಲದ ಮೇಲೆ ಏಳುವುದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಮಾತು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ರೋಣದಲ್ಲಿ ನಾವು ಕೊಂಡದ್ದು ಎನ್‌ಎ (ಕೃಷಿಯೇತರ) ಆದ ಹೊಲದ ಪ್ಲಾಟು. ಕೆಲವೇ ವರ್ಷಗಳ ಹಿಂದೆ ಅಲ್ಲಿ ಹಿಂಗಾರಿ ಜೋಳ, ಕಡಲಿ ಬೆಳೆಯುತ್ತಿದ್ದರು. ಗುದ್ದಲಿ ಪೂಜೆಯ ದಿನವೇ ಗೌಂಡಿ ಮಣ್ಣು ಕೈಯಲ್ಲಿ ಹಿಡಿದು ಹೇಳಿದ: 'ಅಕ್ಕಾರ್ರೀ, ಬೆಳೀಗೆ ಇದು ಭಾಳ ಛಲೋ ನೆಲ. ಮನಿ ಕಟ್ಟಾಕ ಮಾತ್ರ ತ್ರಾಸ ಕೊಡ್ತೈತಿ. ಮ್ಯಾಲೆ ಏನರ ಕಡಿಮಿ ಮಾಡ್ರಿ, ಪಾಯಾದಾಗ ಮಾತ್ರ ಹಿಂದ ಸರೀಬ್ಯಾಡ್ರಿ.'

ಅವನ ಮಾತಿಗೆ ಶಾಸ್ತ್ರದ ಆಧಾರವಿದೆ. ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಿಗುಟು ಖನಿಜ ಇರುತ್ತದೆ. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ನರಗುಂದದ ಹೊಲಗಳಲ್ಲಿ ನಡೆದವರಿಗೆ ಆ ಬಿರುಕುಗಳು ಗೊತ್ತು, ಕುರಿಮರಿಯ ಕಾಲು ಸಿಕ್ಕಿಬೀಳುವಷ್ಟು ಅಗಲ. ತೇವ ಹಿಡಿದಿಟ್ಟುಕೊಳ್ಳುವ ಆ ಗುಣದಿಂದಲೇ ಮಳೆ ಇಲ್ಲದ ಹಿಂಗಾರಿನಲ್ಲೂ ಜೋಳ ಬರುತ್ತದೆ. ಅದೇ ಗುಣ ಗೋಡೆಯನ್ನು ಪ್ರತಿವರ್ಷ ಎತ್ತಿ ಇಳಿಸುತ್ತದೆ. ಮನೆಯ ಒಂದು ಮೂಲೆ ಬಚ್ಚಲ ನೀರಿನಿಂದ ಹಸಿಯಾಗಿ, ಇನ್ನೊಂದು ಮೂಲೆ ಬಿಸಿಲಿಗೆ ಒಣಗಿತೆಂದರೆ ಎರಡರ ನಡುವೆ ಗೋಡೆ ಸೀಳುತ್ತದೆ. ಕಿಡಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಎರಿ ಊರಿನ ಮನೆಗಳಲ್ಲಿ ಎಲ್ಲರೂ ನೋಡಿದ್ದೇ.

ನಮ್ಮ ಹಿರಿಯರು ಇದನ್ನು ತಿಳಿದೇ ಊರು ಕಟ್ಟಿದ್ದರು. ಹಳೆ ಊರುಗಳು ಸಾಮಾನ್ಯವಾಗಿ ದಿನ್ನೆಯ ಮೇಲಿವೆ. ಗೋಡೆ ಕಲ್ಲು-ಮಣ್ಣಿನದು, ದಪ್ಪನೆಯದು. ಮೇಲೆ ತೊಲಿ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ನೆಲ ಅಲುಗಿದರೆ ಆ ಗೋಡೆಯೂ ತುಸು ಅಲುಗುತ್ತಿತ್ತು. ಬಿರುಕಿಗೆ ಹೆಂಗಸರು ಮಣ್ಣು ಮೆತ್ತಿ ಸಾರಿಸುತ್ತಿದ್ದರು, ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕುತ್ತಿದ್ದರು. ಸಿಮೆಂಟಿನ ಗೋಡೆ ಹಾಗೆ ಬಾಗುವುದಿಲ್ಲ, ಒಡೆಯುತ್ತದೆ. ಮನೆ ಸಿಮೆಂಟಿಗೆ ಬದಲಾಯಿತು, ಊರು ದಿನ್ನೆ ಇಳಿದು ಹೊಲಕ್ಕೆ ಬಂತು. ಎರಡೂ ಒಟ್ಟಿಗೆ ಆದದ್ದರಿಂದ ಪಾಯಾದ ಖರ್ಚು ಇಷ್ಟು ಏರಿದೆ. ಎರಿ ಬಿಟ್ಟು ಬೇರೆ ಕಡೆ ಕಟ್ಟಿಕೊಳ್ಳಿ ಎನ್ನುವವರಿಗೂ ನನ್ನ ಉತ್ತರ ಇದೇ: ದಿನ್ನೆಯ ಮೇಲೆ ಜಾಗ ಉಳಿದಿಲ್ಲ, ಬಡವರಿಗೆ ಸಿಗುವುದು ಹೊಲದ ನೆಲವೇ.

ನಮ್ಮ ಮನೆಯಲ್ಲಿ ಕಾಲಂ ಗುಂಡಿಗಳನ್ನು ಗರಸು ಸಿಗುವವರೆಗೆ ಇಳಿಸಿದೆವು. ನಂತರ ಕಬ್ಬಿಣ, ಕಾಂಕ್ರೀಟು, ಪ್ಲಿಂತ್ ಬೀಮು. ಒಳಗಿನ ಕರಿಮಣ್ಣು ತೆಗೆದು ಹೊರಗೆ ಸಾಗಿಸಿ, ಟಿಪ್ಪರ್‌ಗಟ್ಟಲೆ ಗರಸು ತರಿಸಿ, ಪದರ ಪದರವಾಗಿ ನೀರು ಹೊಡೆದು ಕುಟ್ಟಿಸಿದೆವು. ಒಟ್ಟು ಖರ್ಚಿನ ಕಾಲು ಭಾಗಕ್ಕಿಂತ ಹೆಚ್ಚು ನೆಲದ ಮಟ್ಟ ದಾಟುವ ಮೊದಲೇ ಮುಗಿದಿತ್ತು. ಆ ತಿಂಗಳುಗಳಲ್ಲಿ ಬೀಗರು, ಗೆಳತಿಯರು, ಜೊತೆಯ ಶಿಕ್ಷಕರು ಎಲ್ಲರದೂ ಒಂದೇ ಪ್ರಶ್ನೆ: 'ಮನಿ ಎಲ್ಲಿಗೆ ಬಂತ್ರೀ?' ಮೊಬೈಲಿನಲ್ಲಿ ಫೋಟೋ ಕಳಿಸುತ್ತಿದ್ದೆ. ನೋಡಿದವರಿಗೆ ಕಾಣುತ್ತಿದ್ದದ್ದು ಸಪಾಟಾದ ನೆಲ, ಅದರ ಮೇಲೆ ನಾಲ್ಕು ಸಲಾಕಿಗಳ ತುದಿ. ಅದೇ ಹೊತ್ತಿಗೆ ಭಾವನವರು ಕಳಿಸಿದ ಫೋಟೋದಲ್ಲಿ ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಅವರದು ಕಲ್ಲಿನ ನೆಲ, ಪಾಯಾ ವಾರದೊಪ್ಪತ್ತಿನಲ್ಲಿ ಮುಗಿದಿತ್ತು. 'ನೀವಿನ್ನೂ ನೆಲದಾಗ ಅದೀರಲ್ಲವ್ವಾ' ಎಂದು ಅವರು ಕನಿಕರದಿಂದಲೇ ಕೇಳಿದರು.

ನಮಗೆ ಸಂಬಳವಿದೆ, ಬ್ಯಾಂಕಿನ ಸಾಲ ಸಿಕ್ಕಿತು. ನನ್ನ ಮನಸ್ಸಿಗೆ ಹತ್ತಿದ್ದು ತಮ್ಮನ ಮನೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಹಾಮಳೆಯಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಎರಡೂ ಉಕ್ಕಿದವು. ನರಗುಂದದ ಕೊಣ್ಣೂರು ಕಡೆಯಿಂದ ರೋಣದ ಹೊಳೆಆಲೂರು, ಮೆಣಸಗಿ ಕಡೆಯವರೆಗೆ ದಂಡೆಯ ಊರುಗಳು ನೀರು ಕಂಡವು. ಅನೇಕ ಊರುಗಳಿಗೆ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ಬೇರೆ ಜಾಗದಲ್ಲಿ ಮನೆ ಕಟ್ಟಿಸಿದರು. ದನ ಕಟ್ಟಲು, ಮೇವು ಒಟ್ಟಲು ಜಾಗ ಸಾಲದೆ ಹಳೆ ಊರಿಗೆ ತಿರುಗಿ ಬಂದ ರೈತರನ್ನು ನಾನೇ ಬಲ್ಲೆ. ನಂತರ 2019ರ ಆಗಸ್ಟ್‌ನಲ್ಲಿ ಮತ್ತೆ ನೆರೆ ಬಂತು. ಅಪ್ಪ ಕಟ್ಟಿಸಿದ್ದ ಮಣ್ಣಿನ ಮಾಳಿಗೆ ಮನೆ ಆ ನೀರಿನಲ್ಲಿ ಕೂತುಹೋಯಿತು.

ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅದು ದೊಡ್ಡ ಮಾತು, ಆ ಉಪಕಾರವನ್ನು ನಮ್ಮ ಮನೆಯವರು ಮರೆಯುವುದಿಲ್ಲ. ಹಣ ಬರುವುದು ಕಂತಿನಲ್ಲಿ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತಕ್ಕೂ ಸ್ಥಳದಲ್ಲಿ ನಿಂತು ಜಿಪಿಎಸ್ ಫೋಟೋ ತೆಗೆದು ಕಳಿಸಬೇಕು. ಕೆಲಸ ಮಾಡದೆ ಹಣ ಎತ್ತುವುದನ್ನು ತಡೆಯಲು ಇದು ಒಳ್ಳೆಯ ಪದ್ಧತಿಯೇ. ಆದರೆ ಎರಿಯಲ್ಲಿ ಅದು ತಿರುಗುಮುರುಗಾಗುತ್ತದೆ. ಪಾಯಾ ಶುರುಮಾಡಲು ಬಂದ ಮೊದಲ 1 ಲಕ್ಷ ಗುಂಡಿ ತೋಡುವುದಕ್ಕೆ, ಗರಸಿಗೆ, ಕಬ್ಬಿಣಕ್ಕೆ ಸಾಲಲಿಲ್ಲ. ಪಾಯಾ ಮುಗಿಯದೆ ಫೋಟೋ ಇಲ್ಲ, ಫೋಟೋ ಇಲ್ಲದೆ ಮುಂದಿನ ಕಂತಿಲ್ಲ. 'ಏನ್ ತೋರಸಲಿ ಅಕ್ಕಾ, ರೊಕ್ಕೆಲ್ಲಾ ಮಣ್ಣಾಗ ಹೋತು' ಎಂದು ಅವನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಕಡಲಿ ಮಾರಿದ ಹಣ, ಕೈಗಡ, ನಾವು ಕಳಿಸಿದ್ದು ಎಲ್ಲ ಕೂಡಿಸಿ ಪ್ಲಿಂತ್ ಮಾಡಿದ. ನೆಲ ಬಿಟ್ಟು ಎದ್ದ ಮೇಲೆ ಕೆಲಸ ಓಡಿತು. ಅವನ ಓಣಿಯಲ್ಲಿ ಹಾಗೆ ಕೂಡಿಸಲು ಯಾರೂ ಇಲ್ಲದವರು ಪಾಯಾ ತೆಳ್ಳಗೆ ಮಾಡಿ ಮೇಲೆ ಹೋದರು. ಅವರ ಗೋಡೆಗಳಲ್ಲಿ ಬಿರುಕು ಬಿಟ್ಟಿದೆ. ಸರ್ಕಾರದ ಹಣವೂ ಅವರ ದುಡಿಮೆಯೂ ಕೂಡಿ ಎದ್ದ ಆ ಮನೆಗಳು ನೋಡನೋಡುತ್ತಲೇ ಹಳತಾಗುತ್ತಿವೆ, ಇದು ನನಗೆ ಸಹಿಸಲಾಗದ ಸಂಗತಿ.

ನೆಲ ನೋಡಿ ಹಣ ಕೊಡುವುದು ಹೊಸ ವಿಚಾರವೇನಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾದಾಗಿನಿಂದ ಬಯಲು ಪ್ರದೇಶದ ಮನೆಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ, ದುರ್ಗಮ ಪ್ರದೇಶಗಳಿಗೆ 1.30 ಲಕ್ಷ ರೂಪಾಯಿ ಕೊಡುತ್ತಿದೆ. ಉದ್ಯೋಗ ಖಾತ್ರಿಯ ಕೂಲಿ ದಿನಗಳಲ್ಲೂ ಅದೇ ವ್ಯತ್ಯಾಸ ಮಾಡಿ 90 ಮತ್ತು 95 ಎಂದು ಇಟ್ಟರು. ಏರು ನೆಲದಲ್ಲಿ ಕಟ್ಟುವುದು ಕಷ್ಟ ಎಂದು ಒಪ್ಪಿಕೊಂಡ ಸರ್ಕಾರ, ಉಬ್ಬಿ ಕುಗ್ಗುವ ನೆಲದಲ್ಲಿ ಕಟ್ಟುವುದೂ ಕಷ್ಟ ಎಂದು ಒಪ್ಪಿಕೊಳ್ಳಲಿ. 2024ರಲ್ಲಿ ಯೋಜನೆಯನ್ನು 2028-29ರವರೆಗೆ ಮುಂದುವರಿಸಿದಾಗಲೂ ಮೊತ್ತ ಮೊದಲಿನದೇ ಉಳಿಯಿತು. ನರಗುಂದದ ಎರಿಯನ್ನು ಅದು ಸಾಮಾನ್ಯ ಬಯಲೆಂದೇ ಎಣಿಸುತ್ತದೆ.

ಬೇರೆ ದರ ಕೊಟ್ಟರೆ ಎಲ್ಲರೂ ತಮ್ಮದು ಎರಿ ಎಂದು ಅರ್ಜಿ ಹಾಕುತ್ತಾರೆ ಎಂದು ಅಧಿಕಾರಿಗಳು ಹೇಳಬಹುದು. ಅದಕ್ಕೆ ಉತ್ತರ ಅವರ ದಫ್ತರದಲ್ಲೇ ಇದೆ. ಪಹಣಿಯಲ್ಲಿ 'ಮಣ್ಣಿನ ನಮೂನೆ' ಎಂಬ ಕಲಂ ಇದೆ. ಬ್ರಿಟಿಷರ ಕಾಲದ ಮುಂಬೈ ಸರ್ವೆಯಲ್ಲಿ ಹೊಲದ ಮಣ್ಣನ್ನು ಆಣೆ ಲೆಕ್ಕದಲ್ಲಿ ವರ್ಗ ಮಾಡಿ, ಅದರ ಮೇಲೆ ಕಂದಾಯ ಕಟ್ಟಿದ್ದರು. ರೈತನಿಂದ ಪಡೆಯುವಾಗ ಮಣ್ಣು ನೋಡಿದ ಆಡಳಿತ ಪರಂಪರೆ ನಮ್ಮದು, ಕೊಡುವಾಗಲೂ ನೋಡಬೇಕು. ಹೊಲದಿಂದ ಎನ್‌ಎ ಆದ ಪ್ಲಾಟಿಗೆ, ಸ್ಥಳಾಂತರದ ಊರಿಗೆ ಮೂಲ ಸರ್ವೆ ನಂಬರಿನ ಪಹಣಿ ಇದ್ದೇ ಇದೆ. ಅನುಮಾನವಿದ್ದರೆ ತೆರೆದ ಗುಂಡಿಯ ಪಕ್ಕ ಅಳತೆಪಟ್ಟಿ ಹಿಡಿದು ಒಂದು ಜಿಪಿಎಸ್ ಫೋಟೋ ತೆಗೆದರೆ ಸಾಕು. ಗುಂಡಿ ಮುಚ್ಚಿದ ಮೇಲೆ ತಳಪಾಯದ ಫೋಟೋ ತೆಗೆಯುವ ಬದಲು, ಗುಂಡಿ ತೆರೆದಿರುವಾಗಲೇ ತೆಗೆದು ಆಗಲೇ ಹಣದ ಒಂದು ಭಾಗ ಬಿಡುಗಡೆ ಮಾಡಿದರೆ ತಮ್ಮನಂಥವರು ಕೈಗಡಕ್ಕೆ ಅಲೆಯುವುದು ತಪ್ಪುತ್ತದೆ.

ಹಳೆ ಊರಿನೊಳಗೆ ಕಟ್ಟುವವರಿಗೆ ಇನ್ನೊಂದು ಭಯವಿದೆ. ನರಗುಂದ ಪಟ್ಟಣದಲ್ಲಿ ಈಚಿನ ವರ್ಷಗಳಲ್ಲಿ ಮನೆಯೊಳಗೆ, ಓಣಿಯಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿದದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಜೋಳ ತುಂಬಿಡಲು ಹಿರಿಯರು ತೋಡಿದ ಹಗೇವುಗಳು ಆ ನೆಲದ ಕೆಳಗಿವೆ. ಎಲ್ಲಿ ಹಗೇವು ಇದೆ ಎಂದು ಹೇಳುವ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರು ಇರುವಾಗಲೇ ಓಣಿ ಓಣಿಯ ನಕ್ಷೆ ಮಾಡಿಸುವುದು ಪುರಸಭೆ ತುರ್ತಾಗಿ ಮಾಡಬೇಕಾದ ಕೆಲಸ.

ಎರಿಯಲ್ಲಿ ಕಡಿಮೆ ಖರ್ಚಿನಲ್ಲಿ ಗಟ್ಟಿ ಪಾಯಾ ಹಾಕುವ ವಿಧಾನವೂ ನಮ್ಮ ದೇಶದಲ್ಲೇ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್‌ರೀಮ್ಡ್ ಪೈಲ್ ಎಂಬುದನ್ನು ಇಂಥ ಮಣ್ಣಿಗೆಂದೇ ಬೆಳೆಸಿತು. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ ಸಣ್ಣ ಕೊಳವೆಗುಂಡಿ ಕೊರೆದು, ತಳದಲ್ಲಿ ಅದರ ಎರಡೂವರೆ ಪಟ್ಟು ಅಗಲದ ಗಡ್ಡೆ ಬಿಡಿಸಿ ಕಾಂಕ್ರೀಟು ತುಂಬುತ್ತಾರೆ. ಆ ಆಳದಲ್ಲಿ ಮಣ್ಣು ವರ್ಷವಿಡೀ ಹೆಚ್ಚು ಅಲುಗುವುದಿಲ್ಲ. ಮೇಲಿನ ಬೀಮಿಗೂ ನೆಲಕ್ಕೂ ನಡುವೆ ಕನಿಷ್ಠ 80 ಮಿಲಿಮೀಟರ್ ಖಾಲಿ ಬಿಡುತ್ತಾರೆ, ಮಣ್ಣು ಉಬ್ಬಿದರೂ ಗೋಡೆಗೆ ತಾಗುವುದಿಲ್ಲ. ಭಾರತೀಯ ಮಾನಕ 2911ರ 3ನೇ ಭಾಗದಲ್ಲಿ ಇದರ ವಿವರವಿದೆ. ಇಷ್ಟಾದರೂ ನಾನು ಕೇಳಿದ ಗೌಂಡಿಗಳಲ್ಲಿ ಒಬ್ಬರೂ ಇದನ್ನು ಕೈಯಾರೆ ಮಾಡಿರಲಿಲ್ಲ. ಆವಾಸ್ ಯೋಜನೆಯಲ್ಲೇ ಗ್ರಾಮೀಣ ಗೌಂಡಿಗಳಿಗೆ ತರಬೇತಿ ಕೊಡುವ ಅವಕಾಶವಿದೆ. ರೋಣ, ನರಗುಂದದ ಗೌಂಡಿಗಳಿಗೆ ಮೊದಲು ಕಲಿಸಬೇಕಾದ್ದು ಇದು.

ಮನೆ ಕಟ್ಟುತ್ತಿರುವ ಓದುಗರಲ್ಲಿ ನನ್ನ ವಿನಂತಿ: ನಿಮ್ಮ ಗುಂಡಿ ಮುಚ್ಚುವ ಮೊದಲು ಅದರ ಆಳ ಅಳೆದು ಫೋಟೋ ತೆಗೆದಿಡಿ, ಗರಸಿನ ಪ್ರತಿ ಲೋಡಿನ ಚೀಟಿ ಇಡಿ, ಆ ಲೆಕ್ಕವನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ಬರೆಸಿ. ನಮ್ಮ ಶಾಸಕರು ಆ ನಡಾವಳಿಗಳನ್ನು ಹಿಡಿದು ವಿಧಾನಸಭೆಯಲ್ಲಿ ಎರಿ ನೆಲದ ದರ ಕೇಳಲಿ. ಈಗಿನ ಆವಾಸ್ ಯೋಜನೆಯ ಅವಧಿ 2028-29ಕ್ಕೆ ಮುಗಿಯುತ್ತದೆ, ಅದರೊಳಗೆ ಆ ದರ ನಿಗದಿಯಾಗಲೇಬೇಕು.