ಕರೆನ್ಸಿ ಹಾಕಿಸುವ ಮುನ್ನ ಚೌಕಾಸಿ ಮಾಡಿ!



ಸೊಪ್ಪಿನ ಗಾಡಿ ಬೀದಿಗೆ ಬಂದರೆ ಹತ್ತು ರೂಪಾಯಿಗೆ ಎರಡು ಕಟ್ಟು ಸಾಲದು, ಮೂರು ಕೊಡು ಎಂದು ಜಗಳಕ್ಕೇ ನಿಲ್ಲುತ್ತೇವೆ. ಅದೇ ಕೈಯಲ್ಲಿ ಫೋನ್ ಹಿಡಿದು ₹299 ಒತ್ತುವಾಗ ತುಟಿಪಿಟಿಕ್ಕೆನ್ನುವುದಿಲ್ಲ. ಬಿಸಿಲಲ್ಲಿ ಗಾಡಿ ತಳ್ಳುವ ಅವ್ವನ ಮುಂದೆ ಇದ್ದ ಬಾಯಿ ಕಂಪನಿಯ ಮುಂದೆ ಎಲ್ಲಿ ಹೋಯಿತು?

"ಅದು ಫಿಕ್ಸೆಡ್ ರೇಟ್ ಅಲ್ವಾ?" ಅನ್ನುತ್ತೀರಿ. ಅಲ್ಲ! ಬಿಟ್ಟು ಹೋಗುತ್ತೇನೆ ಅಂದವರಿಗೆ ಒಂದು ರೇಟು, ಬಾಯಿ ಮುಚ್ಚಿಕೊಂಡು ಉಳಿದವರಿಗೆ ಇನ್ನೊಂದು ರೇಟು.

ಇದು ಕಟ್ಟೆಯ ಮೇಲಿನ ಗಾಳಿಮಾತಲ್ಲ. ಆಯ್ದ ಕೆಲವು ಗ್ರಾಹಕರಿಗಷ್ಟೇ ಕಿವಿಯಲ್ಲಿ ಹೇಳಿ ಕೊಡುವ ರಿಯಾಯಿತಿಗಳ ವಿವರ ಕೊಡಿ ಎಂದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಕೇಳಿತ್ತು. ಕಂಪನಿಗಳು ಕೊಡಲು ಒಪ್ಪದೆ ನ್ಯಾಯಾಲಯ ಹತ್ತಿದವು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಿವರ ಕೇಳುವ ಅಧಿಕಾರ ಟ್ರಾಯ್‌ಗೆ ಇದೆ ಎಂದು 2020ರ ನವೆಂಬರ್‌ನಲ್ಲಿ ಅದು ಹೇಳಿತು, ಆದರೆ ಆ ವಿವರ ಗುಟ್ಟಾಗಿರಲಿ ಎಂಬ ಷರತ್ತಿನ ಮೇಲೆ. ಅಲ್ಲಿಗೆ, ಅಂಥ ರಿಯಾಯಿತಿ ಇದೆ ಎಂಬುದು ಖಾತ್ರಿಯಾಯಿತು. ಯಾರಿಗೆ ಎಷ್ಟು ಎಂಬುದು ಮಾತ್ರ ನಮಗೂ ನಿಮಗೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಬಾಯಿಬಿಟ್ಟು ಕೇಳಬೇಕು.

ಮೊದಲು ಮನೆಯ ಲೆಕ್ಕ

2024ರ ಜುಲೈ 3 ಮತ್ತು 4. ಎರಡೇ ದಿನದಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ದರ ಏರಿಸಿದವು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೋ ಪ್ಲಾನು ₹239 ಇದ್ದದ್ದು ₹299 ಆಯಿತು. ಅರವತ್ತು ರೂಪಾಯಿ ತಾನೇ ಅನ್ನಬೇಡಿ. ತಿಂಗಳಿಗೆ 30 ದಿನ, ಕಂಪನಿಯ ತಿಂಗಳಿಗೆ ಮಾತ್ರ 28. ಹಾಗಾಗಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಕರೆನ್ಸಿ ಹಾಕಿಸಬೇಕು. ಒಂದು ಫೋನಿಗೆ ₹3,887. ಮನೆಯಲ್ಲಿ ನಾಲ್ಕು ಫೋನಿದ್ದರೆ ₹15,548. ಇದರಲ್ಲಿ ₹3,120 ಆ ಜುಲೈ ಏರಿಕೆ ಒಂದರಿಂದಲೇ ಬಂದದ್ದು.

ಕೇವಲ ಇನ್‌ಕಮಿಂಗ್‌ಗಾಗಿ ಸಿಮ್ ಇಟ್ಟುಕೊಂಡವರ ಪಾಡು ಇನ್ನೂ ಕಷ್ಟ. 2018ರ ಕೊನೆಯಲ್ಲಿ ಏರ್‌ಟೆಲ್ ತಿಂಗಳ ಕನಿಷ್ಠ ರೀಚಾರ್ಜ್ ಎಂದು ₹35 ಇಟ್ಟಿತು. ಅಷ್ಟಕ್ಕೇ ಆಗ ಜನ ಗೊಣಗಿದ್ದರು. 2024ರ ಜುಲೈ ಹೊತ್ತಿಗೆ ಅದೇ ಕಂಪನಿಯಲ್ಲಿ 28 ದಿನಕ್ಕೆ ₹199ಕ್ಕಿಂತ ಕಡಿಮೆಯ ಅನ್‌ಲಿಮಿಟೆಡ್ ಪ್ಲಾನು ಉಳಿಯಲಿಲ್ಲ. ಮಗ ಬೆಂಗಳೂರಿನಿಂದ ಮಾಡುವ ಒಂದು ಕರೆಗಾಗಿ ಊರಲ್ಲಿರುವ ತಾಯಿ ಇಷ್ಟು ಕಟ್ಟಬೇಕು.

ಹೋಗುವ ಬಾಗಿಲು ನಿಮ್ಮ ಕೈಯಲ್ಲಿದೆ

ನಂಬರ್ ಬದಲಾಯಿಸದೆ ಕಂಪನಿ ಬದಲಾಯಿಸುವ ಹಕ್ಕು 2011ರ ಜನವರಿ 20ರಿಂದ ದೇಶದ ಎಲ್ಲರಿಗೂ ಇದೆ. ಅದನ್ನೇ ನಾವು ಪೋರ್ಟ್ ಅನ್ನುವುದು. ಮಾಡುವುದು ಸುಲಭ. ಇಂಗ್ಲಿಷಿನಲ್ಲಿ 'ಪೋರ್ಟ್' ಎಂದು ಬರೆದು, ಒಂದು ಅಕ್ಷರದ ಜಾಗ ಬಿಟ್ಟು, ನಿಮ್ಮ 10 ಅಂಕಿಯ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಎಂಟು ಅಕ್ಷರ-ಅಂಕಿಗಳ ಒಂದು ಕೋಡ್ ಬರುತ್ತದೆ. ಆ ಕೋಡಿಗೆ ನಮ್ಮ ಕರ್ನಾಟಕದಲ್ಲಿ ನಾಲ್ಕು ದಿನ ಆಯಸ್ಸು. ನಿಮ್ಮ ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಸೌಲಭ್ಯ ಇಲ್ಲದಿದ್ದರೂ ಈ ಒಂದು ಸಂದೇಶ ಹೋಗಲೇಬೇಕೆಂದು ಟ್ರಾಯ್ 2021ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದೆ. ಹೋಗದಿದ್ದರೆ ತಪ್ಪು ಕಂಪನಿಯದು, ನಿಮ್ಮದಲ್ಲ.

ಈಗ ಗಮನವಿಟ್ಟು ಓದಿ. ಕೋಡ್ ತೆಗೆದುಕೊಂಡ ಮಾತ್ರಕ್ಕೆ ನೀವು ಕಂಪನಿ ಬಿಟ್ಟಂತೆ ಅಲ್ಲ. ನಾಲ್ಕು ದಿನ ಸುಮ್ಮನಿದ್ದರೆ ಅದು ತಾನಾಗಿ ಸಾಯುತ್ತದೆ, ನಿಮ್ಮ ಸಿಮ್ ಎಂದಿನಂತೆ ಓಡುತ್ತಿರುತ್ತದೆ. ಆದರೆ ಈ ಗಿರಾಕಿ ಎದ್ದು ನಿಂತ ಎಂಬ ಸುದ್ದಿ ಕಂಪನಿಗೆ ಮುಟ್ಟಿರುತ್ತದೆ. ವರ್ಷಗಟ್ಟಲೆ ನಿಮ್ಮ ನೆನಪೇ ಇಲ್ಲದವರಿಂದ "ಸಾರ್, ಯಾಕೆ ಹೋಗ್ತಿದ್ದೀರಿ?" ಎಂದು ಕರೆ ಬರುವುದು ಆಗಲೇ. ಚೌಕಾಸಿ ಶುರುವಾಗುವುದೂ ಆಗಲೇ. ಬರದಿದ್ದರೆ ನೀವೇ ಕಸ್ಟಮರ್ ಕೇರ್‌ಗೆ ಮಾಡಿ.

"ನನ್ನ ನಂಬರು ಇಷ್ಟು ವರ್ಷದಿಂದ ನಿಮ್ಮ ಹತ್ರಾನೇ ಇದೆ. ಪೋರ್ಟ್ ಕೋಡ್ ತಗೊಂಡಿದ್ದೀನಿ. ಪಕ್ಕದ ಕಂಪನಿಯವರು ಇದೇ ಡೇಟಾನ ಇಷ್ಟಕ್ಕೆ ಕೊಡ್ತಿದ್ದಾರೆ. ನೀವೇನು ಕೊಡ್ತೀರಿ?"

ಇಷ್ಟು ಹೇಳಿ ಸುಮ್ಮನಾಗಿ. ನೀವೇ ಒಂದು ಮೊತ್ತ ಹೇಳಿ ಸಿಕ್ಕಿಬೀಳಬೇಡಿ, ಅವರು ಹೇಳಲಿ.

"ಸಾರ್, ನಿಮಗೆ ಡೇಟಾ ಕೂಪನ್ ಹಾಕಿಕೊಡ್ತೀವಿ."

"ಕೂಪನ್ ಬೇಡಮ್ಮ, ಬಿಲ್ಲಲ್ಲಿ ಇಳಿಸಿ. ಎಷ್ಟು ತಿಂಗಳಿಗೆ ಇಳಿಸ್ತೀರಿ? ಆಮೇಲೆ ಎಷ್ಟಾಗತ್ತೆ? ಎಸ್ಸೆಮ್ಮೆಸ್‌ನಲ್ಲಿ ಬರೆದು ಕಳಿಸಿ, ಓದಿ ಹೇಳ್ತೀನಿ."

ಬರೆದು ಕೊಡದ ರಿಯಾಯಿತಿ ರಿಯಾಯಿತಿಯೇ ಅಲ್ಲ. ಇನ್ನೊಂದು ಮಾತು: ಆ ಕಡೆ ಮಾತಾಡುವ ಹುಡುಗಿಯೂ ನಿಮ್ಮ ಮನೆಯ ಮಗಳಂತೆ ಸಂಬಳಕ್ಕೆ ಕೂತವಳು, ದರ ಏರಿಸಿದ್ದು ಅವಳಲ್ಲ. ಬೈಯಬೇಡಿ. ಗಟ್ಟಿಯಾಗಿ ಕೇಳುವುದು ಬೇರೆ, ಬೈಯುವುದು ಬೇರೆ. ಕನ್ನಡದಲ್ಲೇ ಮಾತಾಡಿ.

ಪೋಸ್ಟ್‌ಪೇಯ್ಡ್‌ನವರಿಗೆ ಈ ಚೌಕಾಸಿ ಹೆಚ್ಚು ಫಲಿಸುತ್ತದೆ, ಏಕೆಂದರೆ ತಿಂಗಳು ತಿಂಗಳು ತಪ್ಪದೆ ಕಟ್ಟುವವರನ್ನು ಯಾವ ಕಂಪನಿಯೂ ಸುಲಭಕ್ಕೆ ಬಿಡುವುದಿಲ್ಲ. ಆದರೆ ಅವರಿಗೆ ಬಲೆಗಳೂ ಹೆಚ್ಚು. ಬೋರ್ಡಿನಲ್ಲಿ ₹449 ಎಂದಿರುತ್ತದೆ, ಶೇ 18 ಜಿಎಸ್‌ಟಿ ಸೇರಿ ಬಿಲ್ಲು ಬರುವುದು ₹529.82. ಪ್ರೀಪೇಯ್ಡ್ ದರದಲ್ಲಿ ಆ ತೆರಿಗೆ ಒಳಗೇ ಸೇರಿರುತ್ತದೆ. ಎರಡನ್ನೂ ಹೋಲಿಸುವಾಗ ಇದನ್ನು ಮರೆತರೆ ಚೌಕಾಸಿ ಮಾಡಿ ಗೆದ್ದೂ ಸೋತಂತೆ. ಸಿನಿಮಾ ಆ್ಯಪ್ ಫ್ರೀ ಅಂದರೆ ಒಂದೇ ಪ್ರಶ್ನೆ ಕೇಳಿ: ಆ ಆ್ಯಪ್ ಬೇಡ, ಅದರ ದುಡ್ಡು ಕಡಿಮೆ ಮಾಡುತ್ತೀರಾ?

ಅವರು ತೋರಿಸದ ಪ್ಲಾನುಗಳು

ಈಗಿರುವ ದರಪಟ್ಟಿಯಲ್ಲೇ ನಿಮಗೆ ಬೇಕಾದದ್ದು ಇದ್ದರೂ ಇರಬಹುದು. 30 ದಿನದ್ದೊಂದು ಪ್ಲಾನು, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಇನ್ನೊಂದು ಪ್ಲಾನು ಎಲ್ಲ ಕಂಪನಿಯಲ್ಲೂ ಇರಲೇಬೇಕೆಂದು ಟ್ರಾಯ್ 2022ರ ಜನವರಿಯಲ್ಲೇ ಆದೇಶಿಸಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಡೇಟಾ ಬೇಡವಾದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಇನ್ನೊಂದು ನಿಯಮ ಬಂತು. 2025ರ ಜನವರಿಯಲ್ಲಿ ಕಂಪನಿಗಳು ಅಂಥ ಪ್ಯಾಕ್ ತಂದವು. ಏರ್‌ಟೆಲ್ ವರ್ಷದ ಪ್ಯಾಕಿಗೆ ಮೊದಲು ₹1,959 ಎಂದಿತು. ಈ ದರಗಳನ್ನು ಪರಿಶೀಲಿಸುತ್ತೇವೆ ಎಂದು ಟ್ರಾಯ್ ಹೇಳಿದ ಕೆಲವೇ ದಿನಗಳಲ್ಲಿ ಅದು ₹1,849 ಆಯಿತು. ಜಿಯೋ ಕೂಡ ತನ್ನ ದರ ಇಳಿಸಿತು. ಕೇಳುವವರು ಒಬ್ಬರಿದ್ದಾರೆ ಎಂದು ಗೊತ್ತಾದರೆ ಇಷ್ಟು ಬೇಗ ಇಳಿಯುತ್ತದೆ!

ಬಟನ್ ಫೋನು ಹಿಡಿದ ಅಜ್ಜ-ಅಜ್ಜಿಯರ ಲೆಕ್ಕ ಹಾಕಿ. ₹199ರಂತೆ ಹದಿಮೂರು ಸಲ ಅಂದರೆ ₹2,587. ಮೇಲೆ ಹೇಳಿದ ವರ್ಷದ ಪ್ಯಾಕ್ ಆಗಿದ್ದರೆ ₹738 ಉಳಿಯುತ್ತಿತ್ತು. ದರ ಆಗಾಗ ಬದಲಾಗುತ್ತದೆ, ಇವತ್ತಿನ ದರ ಕೇಳಿಯೇ ಹಾಕಿಸಿ. ಅವರ ಫೋನಿಗೆ ದಿನಕ್ಕೆ ಎರಡು ಜಿಬಿ ಹಾಕಿಸಿಕೊಡುವ ಮೊಮ್ಮಕ್ಕಳೇ, ಸ್ವಲ್ಪ ಯೋಚಿಸಿ.

ಎಲ್ಲರಿಗೂ ಒಂದೇ ಮದ್ದಲ್ಲ

ಜೋಯಿಡಾದ ಕಾಡಂಚಿನಲ್ಲಿ, ಮಲೆನಾಡಿನ ಎಷ್ಟೋ ಒಂಟಿಮನೆಗಳಲ್ಲಿ ಒಂದೇ ಕಂಪನಿಯ ಟವರು ಸಿಗುತ್ತದೆ, ಅದೂ ಅಡಿಕೆ ತೋಟದ ದಿಬ್ಬ ಹತ್ತಿದರೆ. ಅಲ್ಲಿ ಪೋರ್ಟ್ ಮಾಡಿಸುತ್ತೇನೆ ಎಂದು ಯಾರನ್ನು ಹೆದರಿಸುವುದು? ಎರಡನೆಯ ಅಂಗಡಿ ಇಲ್ಲದ ಊರಲ್ಲಿ ಚೌಕಾಸಿ ಇಲ್ಲ. ಒಂದು ಕಾಲದಲ್ಲಿ ಸ್ಪೈಸ್ ಇತ್ತು, ಏರ್‌ಸೆಲ್ ಇತ್ತು, ಸೆಕೆಂಡಿನ ಲೆಕ್ಕ ಕಲಿಸಿದ ಡೊಕೊಮೊ ಇತ್ತು. ಈಗ ಉಳಿದದ್ದು ಮೂರು ಖಾಸಗಿ ಕಂಪನಿ ಮತ್ತು ಬಿಎಸ್‌ಎನ್‌ಎಲ್. ಈ ನಾಲ್ಕನೆಯ ಅಂಗಡಿ ಮುಚ್ಚದಂತೆ ನೋಡಿಕೊಳ್ಳುವುದು ಅದರ ಸಿಮ್ ಇಲ್ಲದವರಿಗೂ ಲಾಭ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ದರ ಏರಿದ ಆ 2024ರ ಜುಲೈನಲ್ಲಿ ಜನ ಸಿಟ್ಟಿಗೆದ್ದು ಹೊರಟದ್ದೂ ಅಲ್ಲಿಗೇ. ಟ್ರಾಯ್ ಲೆಕ್ಕದಲ್ಲಿ ಆ ಒಂದೇ ತಿಂಗಳು ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಚಂದಾದಾರರು ಹೆಚ್ಚಾದರು. ಮೂರೂ ಖಾಸಗಿ ಕಂಪನಿಗಳು ಗ್ರಾಹಕರನ್ನು ಕಳೆದುಕೊಂಡವು. ಆದರೂ ದರ ಇಳಿಯಲಿಲ್ಲ. ನಮ್ಮ ಪ್ರಕಾರ ಕಾರಣ ಇಷ್ಟೇ: ಹೋದವರು ಸದ್ದಿಲ್ಲದೆ ಹೋದರು, ಉಳಿದವರು ಸದ್ದಿಲ್ಲದೆ ಕಟ್ಟಿದರು. ಹೋಗುವ ಮೊದಲು ಏಕೆ ಹೋಗುತ್ತಿದ್ದೇನೆ, ಎಷ್ಟು ಇಳಿಸಿದರೆ ಉಳಿಯುತ್ತೇನೆ ಎಂದು ಬರೆದು ತಿಳಿಸಿದವರು ಎಷ್ಟು ಜನ?

ಬೆದರಿಕೆ ಹಾಕುವ ಮುನ್ನ ನಿಮ್ಮ ಕಾಲು ಗಟ್ಟಿಯಿದೆಯೇ ನೋಡಿಕೊಳ್ಳಿ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಸಿಮ್ ಬದಲಿಸಿದ್ದರೆ ಏಳು ದಿನ ಕಾಯಬೇಕು. ಪ್ರೀಪೇಯ್ಡ್‌ನಲ್ಲಿ ಉಳಿದ ಬ್ಯಾಲೆನ್ಸ್, ಉಳಿದ ದಿನಗಳು ಪೋರ್ಟ್ ಆದ ಕೂಡಲೇ ಹೋಗುತ್ತವೆ. ಆದ್ದರಿಂದ ಪ್ಯಾಕ್ ಮುಗಿಯುವ ವಾರದಲ್ಲೇ ಈ ಕೆಲಸಕ್ಕೆ ಕೈಹಾಕಿ. ಬೀದರಿನಿಂದ ಚಾಮರಾಜನಗರದವರೆಗೆ ಕರ್ನಾಟಕವೆಲ್ಲ ಒಂದೇ ವಲಯ, ಮೂರು ಕೆಲಸದ ದಿನದಲ್ಲಿ ಮುಗಿಯಬೇಕು. ಕಾಸರಗೋಡಿನ ನಂಬರನ್ನು ಮಂಗಳೂರಿಗೆ ತರುವವರಿಗೆ ಐದು ಕೆಲಸದ ದಿನ. ಅರ್ಜಿ ಕೊಟ್ಟ ಮೇಲೆ ಮನಸ್ಸು ಬದಲಾದರೆ 24 ಗಂಟೆಯೊಳಗೆ ಅದೇ 1900ಕ್ಕೆ ರದ್ದು ಸಂದೇಶ ಕಳಿಸಬಹುದು. ಪಕ್ಕದ ಮನೆಯವರ ಸಿಮ್ ಒಂದು ದಿನ ನಿಮ್ಮ ಅಡುಗೆಮನೆಯಲ್ಲಿ ಹಾಕಿ ನೋಡದೆ ಹೊಸ ಕಂಪನಿಗೆ ಹೋಗಬೇಡಿ.

ಎಚ್ಚರ! ಎಚ್ಚರ!

ಪೋರ್ಟ್ ಕೋಡನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಹೊಸ ಕಂಪನಿಯ ಅಂಗಡಿಯಲ್ಲಿ ನೀವೇ ಕುಳಿತು ಕೊಡಿ. "ರಿಯಾಯಿತಿ ಹಾಕ್ತೀವಿ, ಓಟಿಪಿ ಹೇಳಿ" ಎಂದವರ ಕರೆ ಅಲ್ಲೇ ಕಡಿದುಬಿಡಿ, ದರ ಇಳಿಸಲು ಓಟಿಪಿ ಬೇಕಾಗಿಲ್ಲ. ಬೀದಿ ಕೊಡೆಯ ಕೆಳಗೆ ಸಿಮ್ ಮಾರುವವರು ಹೆಬ್ಬೆಟ್ಟು ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಒತ್ತಿ ಎಂದರೆ ಏಕೆ ಎಂದು ಕೇಳಿ. ನಿಮ್ಮ ಹೆಸರಿನಲ್ಲಿ ಎರಡನೆಯ ಸಿಮ್ ಹೊರಡುವುದು ಹಾಗೆಯೇ. ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ ಸಾಥಿಯಲ್ಲಿ ನೋಡಬಹುದು.

ಮಾತು ಕೊಟ್ಟು ತಪ್ಪಿದರೆ? ಕಸ್ಟಮರ್ ಕೇರ್‌ನಲ್ಲಿ ದೂರು ಬರೆಸಿ ದೂರಿನ ಸಂಖ್ಯೆ ಪಡೆಯಿರಿ. ಬಗೆಹರಿಯದಿದ್ದರೆ ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ, 39 ದಿನದಲ್ಲಿ ತೀರ್ಮಾನವಾಗಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮೊಬೈಲ್ ಕಂಪನಿಯ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಐದು ಲಕ್ಷದೊಳಗಿನ ವ್ಯವಹಾರವಾದರೆ ಅಲ್ಲಿಯೂ ಶುಲ್ಕವಿಲ್ಲ. ಜಿಲ್ಲೆಯಲ್ಲಿ 24 ಗಂಟೆಗಿಂತ ಹೆಚ್ಚು ಹೊತ್ತು ನೆಟ್‌ವರ್ಕ್ ಬಿದ್ದುಹೋದರೆ ಬಿಲ್ಲಿನಲ್ಲಿ ಕಡಿತ ಅಥವಾ ಹೆಚ್ಚುವರಿ ದಿನ ಕೊಡಬೇಕು ಎಂಬ ನಿಯಮವೂ ಬಂದಿದೆ. ಇದನ್ನು ನೆನಪಿಡಿ.

ನಾವು ಕೇಳುತ್ತಿರುವುದು

ಚೌಕಾಸಿ ಗೊತ್ತಿದ್ದವರು ಉಳಿಸಿಕೊಂಡರು, ಗೊತ್ತಿಲ್ಲದ ಅಜ್ಜಿ ಪೂರ್ತಿ ಕಟ್ಟಿದಳು ಎಂದಾಗಬಾರದು. ಹೊರಡುವವರಿಗೆ ಕೊಡುವ ದರವನ್ನು ಉಳಿದವರಿಗೂ ಕೊಡಿ, ಗುಟ್ಟು ಬಿಟ್ಟು ಅಂಗಡಿಯ ಗೋಡೆಯ ಮೇಲೆ ಬರೆದು ಹಾಕಿ ಎಂಬುದು ನಮ್ಮ ಒತ್ತಾಯ. 28 ದಿನದ ತಿಂಗಳು ತೊಲಗಲಿ. ಟ್ರಾಯ್‌ನ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ. ಬೀದಿಯ ಹತ್ತು ಮನೆಯವರು ಸೇರಿ, ಹತ್ತೂ ಸಹಿ ಹಾಕಿ, ಕನ್ನಡದಲ್ಲಿ ಒಂದು ಪತ್ರ ಬರೆಯಿರಿ. ಒಬ್ಬರು ಪೋರ್ಟ್ ಕೋಡ್ ತೆಗೆದರೆ ಕಂಪನಿ ಒಂದು ಕರೆ ಮಾಡುತ್ತದೆ. ಒಂದೇ ದಿನ ಇಡೀ ಬೀದಿ ತೆಗೆದರೆ ಅದು ಕೂತು ಲೆಕ್ಕ ಹಾಕಬೇಕಾಗುತ್ತದೆ.

ನಿಮ್ಮ ಪ್ಯಾಕ್ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಈಗಲೇ ನೋಡಿ. ಅದಕ್ಕೆ ನಾಲ್ಕು ದಿನ ಮೊದಲು 1900ಕ್ಕೆ ಸಂದೇಶ ಕಳಿಸಿ, ಕರೆ ಬಂದಾಗ ಮೇಲಿನ ಮಾತು ಆಡಿ, ಏನು ಕೊಟ್ಟರು ಎಂಬುದನ್ನು ಪಕ್ಕದ ಮನೆಗೆ ತಪ್ಪದೆ ಹೇಳಿ. ಈ ಹಾಳೆಯಲ್ಲಿ ಬೋಂಡಾ ಕಟ್ಟಬೇಡಿ. ನಿಮ್ಮ ಕರೆನ್ಸಿ ಅಂಗಡಿಯ ಬಾಗಿಲಿಗೆ ಅಂಟಿಸಿ.