ಸಾವಿನ ಅರ್ಥ, ಉಳಿದವರ ಹೊಣೆ

ಬದುಕಿನ ಅರ್ಥವೇನು, ಸಾವು ಆ ಅರ್ಥವನ್ನು ಅಳಿಸಿಹಾಕುತ್ತದೆಯೇ ಅಥವಾ ಪೂರ್ಣಗೊಳಿಸುತ್ತದೆಯೇ ಎಂಬ ಪ್ರಶ್ನೆಗಳನ್ನು ಇಂದು ಬಹುಮಟ್ಟಿಗೆ ಒಬ್ಬೊಬ್ಬರೂ ತಮ್ಮ ಅಂತರಂಗದಲ್ಲಿ ಒಂಟಿಯಾಗಿ ಬಿಡಿಸಿಕೊಳ್ಳಬೇಕಾದ ಒಗಟುಗಳೆಂದು ಭಾವಿಸಲಾಗುತ್ತಿದೆ. ಕನ್ನಡ ನಾಡಿನ ಊರಬಾಗಿಲು, ಕೆರೆಯ ಏರಿ, ದೇವಾಲಯದ ಅಂಗಳ ಮತ್ತು ಬೆಟ್ಟದ ನೆತ್ತಿಗಳಲ್ಲಿ ಉಳಿದು ಬಂದಿರುವ ಸ್ಮಾರಕಶಿಲೆಗಳನ್ನು ಗಮನವಿಟ್ಟು ಓದಿದರೆ, ಇದೇ ಪ್ರಶ್ನೆಗಳನ್ನು ಇಡೀ ಸಮುದಾಯವೇ ಎದುರಿಸಿ, ತನಗೆ ತೋಚಿದ ಉತ್ತರವನ್ನು ಕಲ್ಲಿನಲ್ಲಿ ಕೆತ್ತಿ, ಮುಂದಿನವರಿಗೆ ಹೊಣೆಯಾಗಿ ಒಪ್ಪಿಸಿದ ಒಂದು ದೀರ್ಘ ಪರಂಪರೆ ಕಾಣಿಸುತ್ತದೆ. ವೀರಗಲ್ಲು ಮತ್ತು ನಿಷಿಧಿಗಲ್ಲು ಈ ಪರಂಪರೆಯ ಮುಖ್ಯ ಸಾಕ್ಷಿಗಳು. ಸಾವನ್ನು ಕುರಿತು ಇಂದು ನಡೆಯಬೇಕಾದ ಚರ್ಚೆಗೂ ಅವುಗಳಲ್ಲಿ ಗಟ್ಟಿಯಾದ ನೆಲೆಯಿದೆ.

ಹೋರಾಟದಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲು ವೀರಗಲ್ಲು. ಸಾಮಾನ್ಯವಾಗಿ ಅದರಲ್ಲಿ ಒಂದರ ಮೇಲೊಂದರಂತೆ ಮೂರು ಪಟ್ಟಿಕೆಗಳಿದ್ದು, ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಮೇಲಕ್ಕೊಯ್ಯುವ ದೃಶ್ಯ, ಮೇಲಿನದರಲ್ಲಿ ಅವನು ಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿ ಕುಳಿತಿರುವ ಚಿತ್ರ ಇರುತ್ತವೆ. ನೆತ್ತಿಯಲ್ಲಿ, ಕೀರ್ತಿ ಅಳಿಯದೆ ಉಳಿಯಲೆಂಬ ಆಶಯವನ್ನು ಸೂಚಿಸುವ ಸೂರ್ಯಚಂದ್ರರಿರುತ್ತಾರೆ. ಶಾಸನಗಳು ಈ ಸಾವುಗಳ ಕಾರಣವನ್ನು ಖಚಿತವಾಗಿ ಹೆಸರಿಸುತ್ತವೆ: ಕಳ್ಳರೋ ಶತ್ರುಗಳೋ ಊರಿನ ದನಗಳನ್ನು ಹೊಡೆದುಕೊಂಡು ಹೋಗುವ ‘ತುರುಗೊಳ್’, ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಏಳುವ ‘ಪೆಣ್ಬುಯ್ಯಲ್’ ಎಂಬ ಮೊರೆ, ಊರಿಗೆ ಊರೇ ನಾಶಕ್ಕೀಡಾಗುವ ‘ಊರಳಿವು’. ಮೇಲಿನ ಪಟ್ಟಿಕೆಯಲ್ಲಿ ಸ್ವರ್ಗದ ಭರವಸೆ ಎಷ್ಟೇ ಇದ್ದರೂ ಆ ಸಾವಿಗೆ ಬೆಲೆ ತಂದುಕೊಟ್ಟ ಹಸು, ಹೆಣ್ಣು, ಊರು ಇವೆಲ್ಲ ಕೆಳಗಿನ ಪಟ್ಟಿಕೆಯ ಮಣ್ಣಿಗೇ ಸೇರಿದವು ಎಂಬುದು ಗಮನಿಸಬೇಕಾದ ಸಂಗತಿ. ಮಡಿದವನ ಮನೆಯವರಿಗೆ ‘ಕಲ್ನಾಡು’, ‘ನೆತ್ತರುಗೊಡಗೆ’ ಎಂಬ ಹೆಸರಿನಲ್ಲಿ ಭೂಮಿಯನ್ನು ದತ್ತಿಯಾಗಿ ಬಿಡುತ್ತಿದ್ದ ಪದ್ಧತಿಯೂ ಇದ್ದುದರಿಂದ, ಕಲ್ಲು ನಿಲ್ಲಿಸುವುದೆಂದರೆ ಹೊಗಳಿಕೆಯ ಜೊತೆಗೆ ಹೆಂಡತಿ ಮಕ್ಕಳ ಅನ್ನದ ಹೊಣೆಯನ್ನೂ ಹೊರುವುದಾಗಿತ್ತು.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, 10ನೆಯ ಶತಮಾನದ ನಡುಭಾಗದ ಶಿಲೆ ಈ ಹೊಣೆಗಾರಿಕೆಯ ಒಂದು ಅಪೂರ್ವ ನಿದರ್ಶನ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ಮಹತ್ವದ ಸುದ್ದಿಯನ್ನು ಹೇಳುವ ಈ ಶಿಲೆ, ತನ್ನ ಚಿತ್ರಕ್ಕೆ ಆರಿಸಿಕೊಂಡದ್ದು ಹಂದಿಯೊಂದರೊಡನೆ ಹೋರಾಡುತ್ತಿರುವ ನಾಯಿಯನ್ನು. ಗಂಗ ಅರಸ ಬೂತುಗನು ತನ್ನ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ವರ ಕೇಳೆಂದಾಗ, ಮಣಲೆರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಕಾಳಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನು ಬಿಟ್ಟು, ಅಲ್ಲಿನ ಗೊರವ, ಎಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಣ್ಣಕೂಡದೆಂದು ಶಾಸನದಲ್ಲಿ ವಿಧಿಸಲಾಯಿತು. ನೆನಪು ತಾನಾಗಿಯೇ ಉಳಿಯುವುದಿಲ್ಲವೆಂದೂ, ಬದುಕಿರುವ ಒಬ್ಬರ ದಿನನಿತ್ಯದ ನಡವಳಿಕೆಗೆ ಅದನ್ನು ಕಟ್ಟಿಹಾಕಿದರೆ ಮಾತ್ರ ಉಳಿಯುತ್ತದೆಂದೂ ಆ ಕಾಲದವರು ಬಲ್ಲವರಾಗಿದ್ದರು.

ವೀರಗಲ್ಲಿನ ಸಾವು ಥಟ್ಟನೆ ಎರಗುವ ಸಾವಾದರೆ, ನಿಷಿಧಿಗಲ್ಲು ದಾಖಲಿಸುವುದು ನಿಧಾನವಾಗಿ ಸಿದ್ಧಗೊಂಡ ಸಾವನ್ನು. ಆಹಾರ ನೀರನ್ನು ಕ್ರಮಕ್ರಮವಾಗಿ ಬಿಟ್ಟು, ಕಷಾಯಗಳನ್ನು, ಅಂದರೆ ಕ್ರೋಧ, ಮಾನ, ಮಾಯೆ, ಲೋಭಗಳನ್ನು ತೆಳುವಾಗಿಸುತ್ತ ದೇಹವನ್ನು ತ್ಯಜಿಸುವ ಜೈನ ವ್ರತಕ್ಕೆ ಸಲ್ಲೇಖನವೆಂದು ಹೆಸರು. ಹಾಗೆ ದೇಹ ಬಿಟ್ಟವರ ನೆನಪಿನ ಕಲ್ಲು ನಿಷಿಧಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಕ್ರಿ.ಶ. 600ರಿಂದ ಮೊದಲುಗೊಂಡು ಇಂಥ ಬರಹಗಳು ದೊರೆಯುತ್ತವೆ. ಅವುಗಳಲ್ಲಿ ಮುನಿಗಳ ಜೊತೆಗೆ ಕಂತಿಯರೆಂದು ಕರೆಯಲಾಗುವ ಜೈನ ಸನ್ಯಾಸಿನಿಯರ ಹೆಸರುಗಳೂ ಇವೆ. ಇತಿಹಾಸಕಾರ ಷ. ಶೆಟ್ಟರ್ ಅವರು ಈ ಬೆಟ್ಟದ ಶಾಸನಗಳನ್ನು ಆಳವಾಗಿ ಅಧ್ಯಯನ ಮಾಡಿ ‘ಸಾವಿಗೆ ಆಹ್ವಾನ’ ಎಂಬ ಮಹತ್ವದ ಗ್ರಂಥವನ್ನು ರಚಿಸಿದರು. ಜೈನ ಆಚಾರ್ಯ ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ ಈ ವ್ರತಕ್ಕೆ ಒಪ್ಪುವ ಸಂದರ್ಭಗಳನ್ನು ಪರಿಹಾರವಿಲ್ಲದ ಉಪಸರ್ಗ (ಎರಗಿ ಬಂದ ವಿಪತ್ತು), ಬರಗಾಲ, ಮುಪ್ಪು ಮತ್ತು ರೋಗ ಎಂದು ಎಣಿಸಿ, ಅನಂತರ ವ್ರತವನ್ನು ಕೆಡಿಸುವ ಅತಿಚಾರಗಳನ್ನು, ಅಂದರೆ ದೋಷಗಳನ್ನು ಹೇಳುತ್ತದೆ. ಬದುಕಬೇಕೆಂಬ ಹಂಬಲ, ಬೇಗ ಸಾಯಬೇಕೆಂಬ ಹಂಬಲ, ಭಯ, ಸ್ನೇಹಿತರ ನೆನಪು, ಮುಂದಿನ ಜನ್ಮದ ಸುಖದ ಬಯಕೆ ಇವು ಆ ದೋಷಗಳು. ಸಾವನ್ನು ಬಯಸುವುದೂ ಬದುಕಿಗೆ ಅಂಟಿಕೊಳ್ಳುವಷ್ಟೇ ದೊಡ್ಡ ತಪ್ಪು ಎಂಬ ಈ ನಿರ್ಣಯದಲ್ಲಿ, ಸಾವು ಸ್ವತಃ ಗುರಿಯಲ್ಲವೆಂಬ ತಿಳಿವಳಿಕೆ ಅಡಗಿದೆ. ಸಮಾಧಿಮರಣದ ಹತ್ತೊಂಬತ್ತು ಕಥೆಗಳನ್ನು ಹೇಳುವ ‘ವಡ್ಡಾರಾಧನೆ’ ಎಂಬ ಹಳಗನ್ನಡ ಗದ್ಯಕೃತಿಯಲ್ಲಿಯೂ ಓದುಗನನ್ನು ಹಿಡಿದು ನಿಲ್ಲಿಸುವುದು, ಕೊನೆಯ ಗಳಿಗೆಗೆ ಮುಂಚೆ ಆ ಮನುಷ್ಯರು ಹಾದು ಬಂದ ಬದುಕಿನ ಏಳುಬೀಳುಗಳೇ.

ಈ ಪರಂಪರೆಯನ್ನು ಬರಿಯ ಅಭಿಮಾನದಿಂದ ನೋಡಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ದೊಡ್ಡಹುಂಡಿಯ 9ನೆಯ ಶತಮಾನದ ಶಿಲೆಯಲ್ಲಿ ಗಂಗ ಅರಸ ನೀತಿಮಾರ್ಗನು ಮರಣಶಯ್ಯೆಯ ಮೇಲೆ ಒರಗಿದ್ದಾನೆ, ಸೇವಕ ಅಗರಯ್ಯ ಅವನನ್ನು ಹಿಡಿದುಕೊಂಡಿದ್ದಾನೆ, ಮಗ ಎದುರಿನಲ್ಲಿ ನಿಂತಿದ್ದಾನೆ. ಶಾಸನವು ಅಗರಯ್ಯನನ್ನು ಕೀಳ್ಗುಂಟೆಯಾದವನೆಂದು, ಅಂದರೆ ಒಡೆಯನ ಸಮಾಧಿಯ ಕೆಳಗಿನ ಗುಂಡಿಗೆ ತಾನೂ ಇಳಿದವನೆಂದು ತಿಳಿಸುತ್ತದೆ. ಅರಸನ ಜೊತೆಗೆ ಪ್ರಾಣ ಬಿಡುವುದಾಗಿ ಪ್ರತಿಜ್ಞೆ ಮಾಡಿದವರನ್ನು ಗರುಡರೆಂದು ಕರೆಯುತ್ತಿದ್ದರು. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನು ಮಡದಿ ಸುಗ್ಗಲದೇವಿ ಮತ್ತು ತನ್ನ ವೀರರ ಸಮೇತ ಹೀಗೆ ಮಡಿದುದನ್ನು ಹಳೇಬೀಡಿನ ಕಂಬವೊಂದು ಸಾರುತ್ತದೆ. ಬಳೆ ತೊಟ್ಟ ಕೈಯೊಂದನ್ನು ಎತ್ತಿ ತೋರಿಸುವ ಮಾಸ್ತಿಕಲ್ಲುಗಳು ಗಂಡನ ಚಿತೆಯೇರಿದ ಹೆಂಗಸರ ಗುರುತುಗಳು. ಆ ಕೈಗಳ ಒಡತಿಯರಿಗೆ ಬೇರೆ ದಾರಿಯಿತ್ತೇ ಎಂಬುದನ್ನು ಕಲ್ಲು ಹೇಳುವುದಿಲ್ಲ. ಊರನ್ನು ಉಳಿಸಲು ಸತ್ತವನಿಗೂ ಒಡೆಯನ ವೈಭವಕ್ಕಾಗಿ ಗುಂಡಿಗಿಳಿದವನಿಗೂ ಸಮಾಜ ಒಂದೇ ಬಗೆಯ ಗೌರವದ ಕಲ್ಲು ನಿಲ್ಲಿಸಿತೆಂದ ಮೇಲೆ, ಸಾವಿನ ಅರ್ಥವನ್ನು ಹೇಳುವವರು ಯಾರು, ಆ ಅರ್ಥದಿಂದ ಉಪಕಾರವಾಗುವುದು ಯಾರಿಗೆ ಎಂಬ ಪ್ರಶ್ನೆಗಳನ್ನು ಪ್ರತಿಯೊಂದು ಕಲ್ಲಿನ ಮುಂದೆಯೂ ಕೇಳಲೇಬೇಕಾಗುತ್ತದೆ.

ಈ ಪ್ರಶ್ನೆಗಳು ಹಳೆಯವಾಗಿಲ್ಲ. ಸಲ್ಲೇಖನವು ಆತ್ಮಹತ್ಯೆಗೆ ಸಮಾನವೆಂದು ರಾಜಸ್ಥಾನ ಹೈಕೋರ್ಟು 2015ರ ಆಗಸ್ಟ್‌ನಲ್ಲಿ ನೀಡಿದ ತೀರ್ಪಿಗೆ ಸುಪ್ರೀಂ ಕೋರ್ಟು ಅದೇ ತಿಂಗಳು ತಡೆಯಾಜ್ಞೆ ನೀಡಿತು. ಗುಣವಾಗುವ ಭರವಸೆಯಿಲ್ಲದ ಸ್ಥಿತಿ ಒದಗಿದರೆ ಕೃತಕ ಜೀವರಕ್ಷಕ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಅದೇ ನ್ಯಾಯಾಲಯ 2018ರಲ್ಲಿ ಮಾನ್ಯಮಾಡಿತು. ಘನತೆಯಿಂದ ಸಾಯುವ ಹಕ್ಕನ್ನು ಕಾನೂನು ಕಾಪಾಡಬಲ್ಲದು, ಕಾಪಾಡಲೇಬೇಕು. ಆದರೆ ತನ್ನ ಬದುಕು ಯಾರಿಗಾದರೂ ಬೇಕಾಗಿತ್ತು ಎಂಬ ನೆಮ್ಮದಿಯನ್ನು ಸಾಯುತ್ತಿರುವವರಿಗೆ ನೀಡುವುದು ಕಾನೂನಿನಿಂದ ಆಗುವ ಕೆಲಸವಲ್ಲ. ಅದು ಹಾಸಿಗೆಯ ಪಕ್ಕದಲ್ಲಿರುವವರಿಂದ, ಮನೆಯವರಿಂದ, ನೆರೆಹೊರೆಯವರಿಂದ ಆಗಬೇಕು. ವೃದ್ಧರು ತಾವು ಹೊರೆಯಾದೆವೆಂಬ ಭಾವನೆಯಿಂದ ಸಾವನ್ನು ಬಯಸುವಂತಾದರೆ, ರತ್ನಕರಂಡಕವು ದೋಷವೆಂದು ಎಣಿಸಿದ ಆ ಬಯಕೆಯ ತಪ್ಪು ಅವರದಲ್ಲ, ಅವರನ್ನು ಆ ಸ್ಥಿತಿಗೆ ತಂದ ಸಮಾಜದ್ದು.

ಇಂದು ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾಗಿ, ಮೋರಿಯ ಚಪ್ಪಡಿಗಳಾಗಿ ಸವೆದುಹೋಗುತ್ತಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಮಾತ್ರ, 2018ರಲ್ಲಿ ನೆಲ ಅಗೆಯುವಾಗ ದೊರೆತ 8ನೆಯ ಶತಮಾನದ ಕಿತ್ತಯ್ಯನ ವೀರಗಲ್ಲಿಗೆ ಆಸಕ್ತ ನಾಗರಿಕರು ಮುಂದೆ ಬಂದು ಮಂಟಪ ಕಟ್ಟಿಸಿದ್ದಾರೆ. ಕಿತ್ತಯ್ಯನಿಗೆ ಅವರು ಬಂಧುಗಳಲ್ಲ, ಅವನ ದತ್ತಿ ಉಂಡವರೂ ಅಲ್ಲ. ತಾವು ವಾಸಿಸುವ ನೆಲವನ್ನು ಹಿಂದೊಮ್ಮೆ ಒಬ್ಬನು ಕಾಯ್ದಿದ್ದನೆಂಬ ಒಂದೇ ಕಾರಣ ಅವರಿಗೆ ಸಾಕಾಯಿತು. ಬದುಕಿನ ಅರ್ಥವನ್ನು ಹುಡುಕುವವರಿಗೆ ಈ ಕಲ್ಲುಗಳು ಸಿದ್ಧ ಉತ್ತರವನ್ನು ಕೊಡುವುದಿಲ್ಲವಾದರೂ ಸರಿಯಾದ ಕ್ರಮವನ್ನು ಕಲಿಸುತ್ತವೆ: ಮೊದಲು ಕಾಯಬೇಕಾದುದು ಯಾವುದೆಂದು ಗುರುತಿಸಿಕೊಳ್ಳುವುದು, ಅದಕ್ಕಾಗಿ ಬಾಳುವುದು, ಹಾಗೆ ಬಾಳಿ ಹೋದವರ ಮನೆಯನ್ನೂ ಹೆಸರನ್ನೂ ಉಳಿದವರು ನೋಡಿಕೊಳ್ಳುವುದು. ಈ ಮೂರನೆಯ ಕೆಲಸವನ್ನು ಮರೆತ ಸಮಾಜಕ್ಕೆ, ಮೊದಲಿನ ಎರಡನ್ನು ಯಾರಿಂದಲೂ ನಿರೀಕ್ಷಿಸುವ ಹಕ್ಕಿರುವುದಿಲ್ಲ.