ತವರು ಮುಳುಗಿದ ಮೇಲೆ

ಲೋಕದಲ್ಲಿ ಯಾವುದೂ ನಿಲ್ಲುವುದಿಲ್ಲ, ಒಡಹುಟ್ಟಿದವರ ನಂಟು ಮಾತ್ರ ಕಡೆತನಕ ಇರುತ್ತದೆ ಎನ್ನುತ್ತಾರೆ. ಮೊದಲ ಮಾತಿಗೆ ತಕರಾರಿಲ್ಲ. ಎರಡನೆಯದು ನಿಜವಾಗಲು ಏನು ಬೇಕು ಎಂಬುದನ್ನು ಬಾಗಲಕೋಟೆ ಕಡೆಯ ಮುಳುಗಡೆ ಊರುಗಳನ್ನು ನೋಡಿ ಯೋಚಿಸಬೇಕು.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿತು. ಸುತ್ತಲಿನ ಎಷ್ಟೋ ಹಳ್ಳಿಗಳು ಇಡಿಯಾಗಿ ಹೋದವು. ಜನ ನವನಗರದ ಸೆಕ್ಟರುಗಳಿಗೆ, ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದರು. ಜಲಾಶಯ ತುಂಬುವ ಶ್ರಾವಣದಲ್ಲೇ ನಾಗರ ಪಂಚಮಿಯೂ ಬರುತ್ತದೆ. ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವ, ಎಳ್ಳುಂಡಿ, ಶೇಂಗಾ ಉಂಡಿ ಕಟ್ಟುವ, ಜೋಕಾಲಿ ಜೀಕುವ ಹಬ್ಬ ಅದು. ಜೋಕಾಲಿ ಕಟ್ಟುತ್ತಿದ್ದ ಮರ ನೀರುಪಾಲಾಯಿತು, ಪಡಸಾಲೆಯೂ ಹೋಯಿತು. ಆದರೂ ಹೆಣ್ಣುಮಕ್ಕಳು ತವರಿಗೆ ಬರುವುದು ನಿಲ್ಲಲಿಲ್ಲ.

ಅವರು ಬಂದದ್ದು ಮನೆಗಲ್ಲ, ಆ ಮನೆಯನ್ನು ಕಂಡವರ ಬಳಿಗೆ. ತಾಯಿತಂದೆ ನಮಗಿಂತ ಮೊದಲೇ ಹೊರಡುತ್ತಾರೆ. ಗಂಡ, ಹೆಂಡತಿ, ಮಕ್ಕಳು ಆಮೇಲೆ ಬಂದವರು. ಹೊಳೆ ಏರಿದ ರಾತ್ರಿ, ಹಿತ್ತಲ ಬಾಗಿಲ ಸದ್ದು, ಅವ್ವನ ಸಿಟ್ಟು, ಇವೆಲ್ಲ ನೆನಪಿರುವುದು ಒಡಹುಟ್ಟಿದವರಿಗೆ ಮಾತ್ರ. ಊರು ಅಳಿದಷ್ಟೂ ಅವರ ಬೆಲೆ ಏರುತ್ತದೆ. ಹಾಗಾಗಿ ಈ ನಂಟು ಅನಿತ್ಯಕ್ಕೆ ಎದುರು ನಿಂತದ್ದು ಎಂದು ನನಗನ್ನಿಸುವುದಿಲ್ಲ. ಅನಿತ್ಯದಿಂದಲೇ ಅದಕ್ಕೆ ಬಲ ಬಂದಿದೆ.

ಆದರೆ ರಕ್ತಸಂಬಂಧ ತಾನಾಗಿ ಉಳಿಯುತ್ತದೆಂದು ನಂಬಿದರೆ ಮೋಸ ಹೋಗುತ್ತೇವೆ. ಶಾಶ್ವತವೆಂದು ನಾವು ಎಣಿಸುವುದು ಹೊಲವನ್ನು. ಅಣ್ಣತಂಗಿಯರನ್ನು ಕೋರ್ಟಿನ ಮೆಟ್ಟಿಲು ಹತ್ತಿಸುವುದೂ ಅದೇ ಹೊಲ. ಹೊಲ ಮುಳುಗಿದರೆ ಪರಿಹಾರದ ದುಡ್ಡು ಆ ಕೆಲಸ ಮಾಡುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಅದಕ್ಕೆ 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಸೀರೆ ಕುಬಸ ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವವರು ಇದ್ದಾರೆ. ಪಾಲು ಕೇಳಿದರೆ ತವರು ತಪ್ಪೀತೆಂಬ ಅಂಜಿಕೆಯಿಂದ ಸಹಿ ಹಾಕುವ ತಂಗಿಯರೂ ಇದ್ದಾರೆ. ಅಂಥ ಸಹಿಯನ್ನು ಪ್ರೀತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪದು. ತಂಗಿಯ ಮೌನದ ಮೇಲೆ ನಿಂತ ಒಗ್ಗಟ್ಟು ಅದು.

ಪಾಲು ಕೊಟ್ಟರೆ ಸಂಬಂಧ ಕೆಡುತ್ತದೆ ಎಂಬುದು ಕೊಡಲು ಮನಸ್ಸಿಲ್ಲದವರ ವಾದ. ತಂಗಿಯ ಭಾಗವನ್ನು ಅವಳ ಹೆಸರಿಗೆ ಬರೆದುಕೊಟ್ಟ ಅಣ್ಣ ಮರುವರ್ಷದ ಪಂಚಮಿಗೆ ಅವಳನ್ನು ಕರೆಯಲು ಹೋಗುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅವಳೂ ಆಗ ಅಂಜಿಕೆಯಿಲ್ಲದೆ ಬರುತ್ತಾಳೆ.